ಅಂಗೈ ಒಲೆ

ಎಸ್‌.ಪಿ. ರಸ್ತೆಯ ಒಂದು ಸಂದಿ. ಹಗ್ಗ, ಟಾರ್ಚು, ಟಾರ್ಪಾಲುಗಳ ನಡುವಿಂದ
ಇಮ್ತಿಯಾಜ್ ಭಾಯ್ ಮೂರು ಒಲೆ ತೆಗೆದು
ಗಾಜಿನ ಕೌಂಟರಿನ ಮೇಲಿಟ್ಟರು.

ಮೊದಲನೆಯದು ಸೂಟ್‌ಕೇಸಿನಂಥದ್ದು, ಹಿಡಿ ಬೇರೆ,
ಮದುವೆಗೆ ಹೊರಟ ಬೀಗರ ಗತ್ತು.
ಎರಡನೆಯದಕ್ಕೆ ಪೈಪು, ಜೇಡನ ಕಾಲು;
ನೆಲಕ್ಕಂಟಿ ಕೂರುತ್ತದಂತೆ, ಎಂಥ ಗಾಳಿಗೂ ಬಗ್ಗದಂತೆ.
ಬೆಲೆ ಕೇಳಿ ನಾನೇ ಬಗ್ಗಿದೆ.
ಮೂರನೆಯದು ಮಡಚಿದರೆ ಮುಷ್ಟಿಯೊಳಗೆ:
ಮೂರು ತೋಳು, ಒಂದು ತಿರುಗಣೆ, ನಡುವೆ
ಎಂಟಾಣೆ ಅಗಲದ ತೂತುತೂತು ಮುಖ.

"ಥ್ರೆಡ್ ನೋಡಿ ಮೇಡಂ, ಹಿತ್ತಾಳೆ."
ಥ್ರೆಡ್ಡಾ? ನನಗಾ?
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ
ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು.
ತಪ್ಪು ಹೊಲಿಗೆ ಮೊದಲು ಬೆರಳಿಗೆ ಕಾಣುತ್ತೆ, ಕಣ್ಣಿಗೆ ಆಮೇಲೆ.
ಹೆಬ್ಬೆರಳ ಉಗುರನ್ನು ಸುತ್ತಿಗೊಂದು ಸಲ ಇಳಿಸಿದೆ.
ಮೊದಲ ಪೀಸಿನಲ್ಲಿ ಕೂದಲೆಳೆಯಷ್ಟು ತರಚು. ವಾಪಸ್.
ಎರಡನೇ ಪೀಸು, ಪಾಸ್.
"ಇಷ್ಟೆಲ್ಲ ಯಾರೂ ನೋಡಲ್ಲ" ಅಂದರು ಭಾಯ್,
ಐವತ್ತು ರೂಪಾಯಿ ತಾವಾಗೇ ಇಳಿಸಿದರು.

ಚಿಲ್ಲರೆಯ ಜೊತೆ ಬುದ್ಧಿಮಾತು:
ಟೆಂಟಿನೊಳಗೆ ಹಚ್ಚಬೇಡಿ.
ಕ್ಯಾನಿನ ಮೇಲೆ ನೇರ ಕೂರಿಸಿ, ಓರೆ ಹೋದರೆ ಬಿಚ್ಚಿ ಮತ್ತೆ ತಿರುಗಿಸಿ.
ಸೋರುತ್ತಾ ಅಂತ ನೋಡೋಕೆ ಸೋಪಿನ ನೊರೆ.
ಕಡ್ಡಿ ಗೀರಿ ನೋಡಿದರೆ, ನೋಡೋಕೆ ನೀವಿರಲ್ಲ.

ಫ್ಯಾಕ್ಟರಿ ಮುಚ್ಚಿತು, ಪಿಎಫ್ ಕೈಗೆ ಬಂತು.
ಏಳನೇ ಲೈನಿನ ನಾವು ನಾಲ್ವರು, ಪುಟ್ಟತಾಯಿ, ಸೆಲ್ವಿ, ನೂರ್‌ಜಾನ್, ನಾನು,
ಕನಕಪುರದಾಚೆಯ ಒಂದು ತೋಪಿನಲ್ಲಿ
ಒಂದೇ ಒಂದು ರಾತ್ರಿ.
ಟೆಂಟು ಅವರದು, ಅಡುಗೆ ನಮ್ಮದು.
ಸೆಲ್ವಿಯ ಮೊಮ್ಮಗನಿಗೆ ಜ್ವರ. ಮುಂದಿನ ವಾರ.
ನೂರ್‌ಜಾನಳ ಮಂಡಿ. ಮುಂದಿನ ತಿಂಗಳು.

ಅಲ್ಲಿಯವರೆಗೆ ಕೈ ಪಳಗಲಿ ಅಂತ
ಲಗ್ಗೆರೆಯ ನಮ್ಮ ತಾರಸಿ ಹತ್ತಿದೆ,
ಸಿಂಟೆಕ್ಸ್ ಟ್ಯಾಂಕಿನ ಮರೆಗೆ.
ಎಣ್ಣೆ ಡಬ್ಬ ಕತ್ತರಿಸಿ ಗಾಳಿಗೆ ಅಡ್ಡ ನಿಲ್ಲಿಸಿದೆ,
ಮೂರು ಕಡೆ ಮಾತ್ರ; ಪೂರ್ತಿ ಸುತ್ತಿದರೆ ಕ್ಯಾನು ಕಾಯುತ್ತೆ,
ಅದಕ್ಕೂ ಉಸಿರು ಬೇಕು.

ತಿರುಗಣೆಗೆ ಕೈ ಇಟ್ಟು ಎಷ್ಟು ಹೊತ್ತು ಕೂತಿದ್ದೆನೋ.

ನಮ್ಮ ವಠಾರದ ಜಯಶೀಲ, ಬಂದು ಎರಡು ವರ್ಷದ ಸೊಸೆ.
ವಿಕ್ಟೋರಿಯಾ ಆಸ್ಪತ್ರೆಯಲ್ಲಿ "ಸ್ಟೌ ಸಿಡಿಯಿತು" ಎಂದು ಬರೆಸಿದರು.
ಆ ಸ್ಟೌ ನನಗೆ ಗೊತ್ತು.
ಅವಳಿಲ್ಲದ ಹನ್ನೊಂದನೇ ದಿನ ಅದರ ಮೇಲೇ
ಪಾಯಸ ಕುದಿಯಿತು, ಒಂದು ಸಲವೂ ಕೆಮ್ಮದೆ.

ಗೀರಿದೆ. ಭುಸ್ ಅಂತು.
ಆಮೇಲೆ ನೀಲಿ,
ಹೊಸ ಸೂಜಿಗಳನ್ನು ಸುತ್ತ ಚುಚ್ಚಿಟ್ಟ ಹಾಗೆ.
ಮೂರು ನಿಮಿಷಕ್ಕೆ ಒಂದು ಲೋಟ ಟೀ.
ಮಗನಿಗಲ್ಲ, ಅವರಿಗಲ್ಲ, ಸೂಪರ್‌ವೈಸರಿಗಲ್ಲ.
ಆ ತೋಳುಗಳ ಮೇಲೆ ದೊಡ್ಡ ಪಾತ್ರೆ ಕೂರುವುದೇ ಇಲ್ಲ,
ಅದು ನನ್ನ ತಪ್ಪಲ್ಲ.

ದಿನಾ ಸಂಜೆ ಕ್ಯಾನನ್ನು ಬಕೆಟ್ಟಿನ ನೀರಿಗೆ ಬಿಡುತ್ತೇನೆ.
ಎಷ್ಟು ಮುಳುಗಿತೋ ಅಷ್ಟು ಗ್ಯಾಸು.
ನೀರಿನ ಗೆರೆಗೊಂದು ಬಾಣದ ಸ್ಟಿಕ್ಕರು,
ಹರಿದ ಕಾಲರಿಗೆ, ತಪ್ಪಿದ ಕಾಜಿಗೆ ಅಂಟಿಸುತ್ತಿದ್ದ ಅದೇ ಕೆಂಪು ಬಾಣ.
ರೀಲು ಹಾಗೇ ಉಳಿದಿತ್ತು ಚೀಲದಲ್ಲಿ.
ಈಗ ಅದು ತೋರಿಸುವುದು ತಪ್ಪನ್ನಲ್ಲ,
ನಾನು ಕುಡಿದದ್ದನ್ನು.

ನಲವತ್ತೊಂದನೇ ಲೋಟಕ್ಕೆ ಸೂಜಿಗಳು ಕುಗ್ಗಿದವು,
ಕ್ಯಾನು ಬಾತುಕೋಳಿಯ ಹಾಗೆ ತೇಲಿತು.

"ಅಷ್ಟು ಬೇಗ ಖಾಲಿನಾ!" ಇಮ್ತಿಯಾಜ್ ಭಾಯ್
ಹೊಸದನ್ನು ಒರೆಸಿ ಕೊಡುತ್ತ ಕೇಳಿದರು,
"ಎಲ್ಲೆಲ್ಲಿ ಹೋಗಿ ಬಂದ್ರಿ ಮೇಡಂ?"

ಮೂವತ್ತೆರಡು ಮೆಟ್ಟಿಲು, ಅಂದೆ.
ಮೇಲಕ್ಕೆ.