ಐದು ಅಂಕದ ಸಂಬಂಧ

ಉಪ್ಪಳದ ಶಾಲೆಯ ಉಗ್ರಾಣ ಖಾಲಿ ಮಾಡುವಾಗ
ಗೆದ್ದಲು ಮುಟ್ಟದೆ ಬಿಟ್ಟ ಒಂದೇ ಒಂದು ಸುರುಳಿ:
ಯುರೋಪು.
ಬಿಚ್ಚಿದರೆ ರುಮೇನಿಯದ ನಟ್ಟನಡುವೆ
ಎಣ್ಣೆಯ ಹೆಬ್ಬೆಟ್ಟು.
ಪಾವು ತಿಂದ ಕೈಯಲ್ಲೇ ಪಾಠ ಮಾಡುತ್ತಿದ್ದರು
ಬೇಳದ ಲಿಯೊನಾರ್ಡ್ ಕ್ರಾಸ್ತಾ ಮಾಸ್ಟ್ರು.

ಫ್ರಾನ್ಸ್ ಮತ್ತು ರುಮೇನಿಯಗಳ ರಾಜತಾಂತ್ರಿಕ ಸಂಬಂಧ:
ಪಠ್ಯದಲ್ಲಿ ಅರ್ಧ ಸಾಲು.
ಮಾಸ್ಟ್ರು ಅದಕ್ಕೆ ಮೂರು ದಿನ ತೆಗೊಂಡರು.

"ಸಂಬಂಧ ಅಂದರೆ ಎಂತ, ಮಕ್ಳೇ?"
ಕುಂಬಳೆಯಿಂದ ಬರುತ್ತಿದ್ದ ಕಾರ್ತ್ಯಾಯಿನಿ ಎದ್ದು ನಿಂತು,
"ನಮ್ಮ ತರವಾಡಿನಲ್ಲಿ ಹಿಂದೆ
ರಾತ್ರಿ ಸೂಟೆ ಹಿಡಿದು ಬರುತ್ತಿದ್ದರಂತೆ,
ಬೆಳಗಾಗುವಾಗ ಹೋಗುತ್ತಿದ್ದರಂತೆ."
ನಾವು ನಕ್ಕೆವು. ಮಾಸ್ಟ್ರು ನಗಲಿಲ್ಲ.
"ಸರಿ ಹೇಳಿದೆ ಮಗಾ, ಕೂತುಕೋ.
ರಾಯಭಾರಿಯೂ ಹಾಗೆಯೇ.
ಸೂಟೆ ಯಾರದು ಅಂತ ಮಾತ್ರ ನೋಡಬೇಕು."

ಮೊಲ್ಡಾವಿಯ, ವಲಾಕಿಯ. ಎರಡು ಸಂಸ್ಥಾನ, ಮಾತು ಒಂದೇ.
ದೊಡ್ಡವರು ಪ್ಯಾರಿಸ್ಸಿನಲ್ಲಿ ಕೂತು ಬರೆದರು:
ಸಭೆ ಎರಡು, ದೊರೆ ಇಬ್ಬರು.
ಜನ ಇಲ್ಲಿಯೂ ಅವನನ್ನೇ ಆರಿಸಿದರು,
ಅಲ್ಲಿಯೂ ಅವನನ್ನೇ.
"ಇಬ್ಬರೂ ಒಬ್ಬನೇ ಆಗಬಾರದು ಅಂತ ಎಲ್ಲಿ ಬರೆದಿತ್ತು?"
ಮೇಜು ಕುಟ್ಟಿ ಕೇಳಿದರು ಮಾಸ್ಟ್ರು,
ಫ್ರೆಂಚ್ ಚಕ್ರವರ್ತಿ ಮೀಸೆಯಡಿ ನಕ್ಕದ್ದನ್ನು
ತಾವೇ ಕಂಡು ಬಂದವರ ಹಾಗೆ.

ಮತ್ತೆ ಯುದ್ಧ. ಸೋತು ಸುಣ್ಣವಾದ ಸೈನ್ಯಕ್ಕೆ
ಕವಾಯತು ಕಲಿಸಲು ಬಂದರು ಫ್ರಾನ್ಸಿನವರು,
ಜೊತೆಗೆ ವೈದ್ಯರು, ದಾದಿಯರು.
ಹೇನಿನ ಜ್ವರಕ್ಕೆ ಯಾವ ದೇಶದವರಾದರೇನು,
ಕೆಲವರು ಅಲ್ಲಿಯೇ ಮಣ್ಣಾದರು.

ಎರಡನೆಯ ದಿನ ಪಾವಿನದು.
ಎಳವೆಯಲ್ಲಿ ಇಗರ್ಜಿಯ ಲತೀನು ಬಾಯಿಪಾಠ ಮಾಡಿದವರು,
ಪೊಟ್ಟಣ ಬಿಡಿಸಿ ಎತ್ತಿ ತೋರಿಸಿದರು:
ಫ್ರಾನ್ಸಿನಲ್ಲಿ ಇದು ಪ್ಯಾಂ, ರುಮೇನಿಯದಲ್ಲಿ ಪುಯ್ನೆ,
ಹಡಗು ಹತ್ತಿ ನಮ್ಮ ಕೊಂಕಣಿಗೆ ಬಂದದ್ದು ಪಾವು.
ಒಂದೇ ಅಜ್ಜಿಯ ಒಲೆ.
ಹದಿನೇಳು ಮಕ್ಕಳಿಗೆ ಚೂರು ಚೂರು ಹಂಚಿದರು.
ಅಂದು ಮಧ್ಯಾಹ್ನ ಅವರು ಉಪವಾಸ.

ಮೂರನೆಯ ದಿನ ಗೆರೆ.
ಫ್ರಾನ್ಸಿನ ಭೂಗೋಳದ ಪಂಡಿತನೊಬ್ಬ
ರುಮೇನಿಯದ ಬೆಟ್ಟಗಳನ್ನು ನಡೆದೇ ಬಲ್ಲವನು,
ಯಾವ ಊರಿನಲ್ಲಿ ಯಾವ ಮಾತು ಅಂತ ಬಣ್ಣ ಹಚ್ಚಿದ.
ರೈಲುಹಳಿ ಮುರಿಯಬಾರದೆಂದು
ಗೆರೆ ತುಸು ಪಡುವಣಕ್ಕೆ ಜರಗಿತು.
ಗೆಳೆಯನೆಂದರೆ ಹೀಗಿರಬೇಕು ಅಂದುಕೊಂಡೆವು ನಾವು.

ಮಾಸ್ಟ್ರ ಕೋಲು ಅಲ್ಲಿಯೇ ನಿಂತಿತು.
"ಹಳಿಯ ಆಚೀಚೆ ಹಂಗೇರಿ ಮಾತಾಡುವ ಊರುಗಳಿದ್ದವು.
ಶಾಲೆ ಇತ್ತು. ಶಾಲೆಗೊಬ್ಬ ಮಾಸ್ಟ್ರು ಇದ್ದಿರಬೇಕಲ್ಲ.
ಮರುದಿನ ಅವ ಹಾಜರಿ ಕರೆದದ್ದು ಯಾವ ಭಾಷೆಯಲ್ಲಿ?"

ಯಾರೂ ಉಸಿರೆತ್ತಲಿಲ್ಲ.
ಚಂದ್ರಗಿರಿಯನ್ನು ಲೆಕ್ಕಕ್ಕೇ ತಾರದೆ ನಮ್ಮ ಗೆರೆ ಎಳೆದ ವರ್ಷ
ಅವರಿಗೆ ಇಪ್ಪತ್ತಮೂರು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು.
ಅದನ್ನು ಅವರು ಹೇಳಲಿಲ್ಲ,
ಕಿಟಕಿಯ ಹೊರಗೆ ಮಂಗಳೂರಿನ ಬಸ್ಸು ಹೋಗುವುದನ್ನು ನೋಡಿದರು.

ಮುಂದಿನದನ್ನು ಗಂಟೆ ಹೊಡೆಯುವ ಮೊದಲು
ಓಡಿಸಿಬಿಟ್ಟರು:
ಪ್ಯಾರಿಸ್ ಬಿದ್ದ ಹದಿನೈದು ದಿನದೊಳಗೆ
ರುಮೇನಿಯದ ಮೂಡಣ ಅಂಚು ಹರಿದದ್ದು,
ಬಾರದೇ ಹೋದ ಗೆಳೆಯ,
ಮತ್ತೆ ಬಹುಕಾಲ ತಣ್ಣಗಿನ ಪತ್ರಗಳು.

ವಾರದ ಪರೀಕ್ಷೆಗೆ ಅದನ್ನೇ ಕೊಟ್ಟರು. ಐದು ಅಂಕ.
ದೊರೆ ಬರೆದೆ, ಸೈನ್ಯ ಬರೆದೆ, ಗೆರೆ ಬರೆದೆ,
ಪಾವನ್ನೂ ಬಿಡಲಿಲ್ಲ.
ನಾಲ್ಕು ಬಂತು.
ಅಂಚಿನಲ್ಲಿ ಕೆಂಪು ಶಾಯಿ:
"ಹಂಗೇರಿಯ ಮಾಸ್ಟ್ರು ಎಲ್ಲಿ?"

"ಟೀಚರೇ, ಇದು ಗುಜರಿಗಲ್ಲವಾ?"
ಮಲಯಾಳದಲ್ಲಿ ಕೇಳುತ್ತಾನೆ ಲಾರಿಯ ಹುಡುಗ.
ಅಲ್ಲ ಎನ್ನುತ್ತೇನೆ, ಅವನ ಭಾಷೆಯಲ್ಲೇ.
ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸುತ್ತೇನೆ.
ಎಣ್ಣೆಯ ಹೆಬ್ಬೆಟ್ಟು ಒಳಗೆ.
ಒಂದು ಅಂಕ ಇನ್ನೂ ಬಾಕಿ.