ಇಶಾ ಮುಗಿದ ಮೇಲೆ ಆಟ

ಹಾಸ್ಟೆಲ್ಲಿನಲ್ಲಿ ಎಲ್ಲರೂ ಊರಿಗೆ ಹೊರಟರು,
ಸಿಂಧನೂರಿಗೆ, ಹಾನಗಲ್ಲಿಗೆ, ಸುಳ್ಯಕ್ಕೆ.
ನಾನೂ ಊರಿಗೇ ಎಂದೆ.
ಬಸ್ಸು ಎಷ್ಟು ಗಂಟೆಗೆ ಎಂದ ವಾರ್ಡನ್ನಿಗೆ
ಪಾಸ್‌ಪೋರ್ಟ್ ತೋರಿಸಿದೆ.

ಮಸ್ಕತ್ತಿನಿಂದ ಖಾಬೂರಾಕ್ಕೆ ಎರಡು ತಾಸು.
ಬಲಕ್ಕೆ ಕಡಲು, ಎಡಕ್ಕೆ ಸೀದ ರೊಟ್ಟಿಯಂಥ ಬೆಟ್ಟ.
ಅಪ್ಪಯ್ಯನ ಪಿಕಪ್ಪಿನೊಳಗೆ ಅದೇ ವಾಸನೆ:
ಪೆಟ್ರೋಲು, ಗ್ರೀಸು, ಯಾವಾಗಲೋ ಒಣಗಿದ ಬೂತಾಯಿ.
ಇಪ್ಪತ್ತಾರು ವರ್ಷದಿಂದ ಈ ಕರೆಯ ದೋಣಿ ಎಂಜಿನ್ನುಗಳಿಗೆ
ಕೆಮ್ಮು ಬಂದರೆ ಇವನೇ ವೈದ್ಯ.
ಸ್ಟೇರಿಂಗ್ ಬಿಡದೆ ನನ್ನ ಕಡೆ ನೋಡಿ
"ಸಪೂರ ಆಯ್ದೆ" ಎಂದ.
ಸ್ವಾಗತ ಅಷ್ಟೇ.

ಶುಕ್ರವಾರ ಸುಬಹ್ ಬಾಂಗಿಗೂ ಮುಂಚೆ ಎದ್ದು ವಾದಿಗೆ.
ಬೇಗ ನೀರು ಮುಟ್ಟಬೇಕು;
ಎಂಟರ ಮೇಲೆ ಇಲ್ಲಿ ಕಲ್ಲಿಗೂ ಜ್ವರ.
ಬೋರೆ ಮರ ಹತ್ತಿದ ಮೇಕೆಗಳು
ಎಲೆ ಮೇಯುತ್ತಾ ನಮ್ಮನ್ನು ಮೇಲಿಂದ ನೋಡುತ್ತವೆ,
ಯಾರ ಮನೆಯವರು ಇವರು, ಎಂಬಂತೆ.
ಫಲಜಿನ ಕಾಲುವೆ ಒಂದು ಮೊಳ ಅಗಲ.
ಕಾಲಿಟ್ಟರೆ ಉಗುರುದ್ದದ ಮೀನು ಬಂದು
ಸತ್ತ ಚರ್ಮ ಕಚ್ಚುತ್ತವೆ.
ಹಾಸ್ಟೆಲ್ಲಿನ ಐದು ತಿಂಗಳನ್ನು ತಿಂದುಕೊಳ್ಳಲಿ ಎಂದು
ಸುಮ್ಮನೆ ಕೂತೆ.
ಅಮ್ಮ ಫಾಯಿಲು ಬಿಚ್ಚಿ ನೀರ್‌ದೋಸೆ ಹಂಚಿದಳು,
ಒಂದು ಮೇಕೆಗೂ.

ತೋಟದಲ್ಲಿ ಖಲ್ಫಾನನ ಅಜ್ಜಿ ಶಮ್ಸಾ
ತಾಮ್ರದ ಹಂಡೆಯಲ್ಲಿ ಹಳದಿ ಖರ್ಜೂರ ಬೇಯಿಸುತ್ತಿದ್ದಳು.
ಹೊಗೆಯಲ್ಲೇ ನನ್ನ ಗಲ್ಲ ಹಿಡಿದು
ಸುತ್ತಲಿನ ಹೆಂಗಸರಿಗೆಲ್ಲ ಹೇಳಿದಳು:
ಇವನ ಮೊದಲ ಹಾಲುಹಲ್ಲು ಬಿದ್ದದ್ದು
ನಮ್ಮ ಮನೆಯ ಹಲ್ವಾದೊಳಗೆ,
ಯಾರು ನುಂಗಿದರೋ ಇವತ್ತಿಗೂ ಗೊತ್ತಿಲ್ಲ.

ರಾತ್ರಿ, ಇಶಾ ಮುಗಿದ ಮೇಲೆ, ಆಟ.
ಕಡಲ ಪಕ್ಕದ ಮರಳು, ನಾಲ್ಕು ಕಂಬದ ದೀಪ,
ಹತ್ತು ಗಂಟೆಗೂ ಮೂವತ್ತಾರು ಡಿಗ್ರಿ.
ಕಾರಿನಿಂದ ಇಳಿದೊಡನೆ ಕನ್ನಡಕ ಬೆವರಿತು,
ಮೊದಲ ಗೋಲು ನನಗೆ ಮಂಜಿನಲ್ಲೇ ಆಯಿತು.

ಹಾಸ್ಟೆಲ್ಲಿನಲ್ಲಿ ನೋಡುವ ಆಟಕ್ಕೆ ವಾಸನೆ ಇಲ್ಲ.
ಒಂದು ಫೋನಿನ ಮೇಲೆ ಐದು ತಲೆ,
ಚಕ್ರ ತಿರುಗುತ್ತಲೇ ಇರುತ್ತದೆ,
ಪಕ್ಕದ ರೂಮು ಕಿರುಚಿದ ಮೇಲೆ ನಮ್ಮಲ್ಲಿ ಗೋಲು.
ಇಲ್ಲಿ ಚೆಂಡಿಗೆ ಕಾಲು ತಾಗಿದ್ದು ಎದೆಗೂ ತಾಗುತ್ತದೆ,
ಹಾರಿದ ಮರಳು ಹಲ್ಲಿಗೆ ಸಿಗುತ್ತದೆ.
ಮೀನಿನವರು ಒಂದು ಕಡೆ, ತೋಟದವರು ಒಂದು ಕಡೆ,
ಬಾನೆಟ್ಟುಗಳ ಮೇಲೆ ಫ್ಲಾಸ್ಕು, ಮಕ್ಕಳು, ಮುದುಕರು.
ಅಪ್ಪಯ್ಯ ಮೀನಿನವರ ಕಡೆ,
ರೆಫರಿಯನ್ನು ಗಂಗೊಳ್ಳಿಯ ಭಾಷೆಯಲ್ಲೇ ಬೈಯುತ್ತಾನೆ:
"ಅವ್ನ್ ಕಣ್ಣಂಗೆ ಎಂತ ಕಸ್ವಾ!"
ಪಕ್ಕದ ಮುದುಕ ಸುವೈದ್ ಎದ್ದು ನಿಂತು,
ಅರಬಿ ನಾಲಿಗೆಯಲ್ಲಿ ಉರುಟು ಮಾಡಿ,
"ಎಂತ ಕಸ್ವಾ! ಎಂತ ಕಸ್ವಾ!"

ಒಂದು ಒಂದು. ಚೆಂಡು ಗೆರೆ ದಾಟಿ ನನ್ನ ಕಾಲಿಗೆ ಬಂತು.
ಒದ್ದೆ. ವಕ್ರ ಹೋಯಿತು.
ತೋಟದ ಕಡೆಯ ಹೊಸ ಹುಡುಗ ನಕ್ಕ,
ಯಾರಿವನು, ಹಿಂದಿಯವನಾ?
ಗೋಲಿನಿಂದ ಖಲ್ಫಾನ್ ಕೂಗಿದ,
ನನ್ನ ಸೈಕಲ್ಲನ್ನು ಕಡಲಿಗೆ ಬಿಟ್ಟವನು, ಎರಡನೇ ಕ್ಲಾಸಿನಲ್ಲಿ:
"ವಲದ್ ಅಲ್‌-ಬಲಾದ್!"
ಊರ ಹುಡುಗ, ಎಂದು.
ಬಾಯಿ ಮುಚ್ಚುವುದರೊಳಗೆ ಚೆಂಡು ಅವನ ಹಿಂದೆ ಬಲೆಯಲ್ಲಿತ್ತು.

ಮೀನಿನವರು ಸೋತದ್ದು ನನ್ನಿಂದ.
ಖಲ್ಫಾನನನ್ನು ಒಂದು ತಾಸು ಬೈದರು,
ನನಗೆ ಯಾರೂ ಏನೂ ಅನ್ನಲಿಲ್ಲ, ಖಾವಾ ಕೊಟ್ಟರು.

ಅಕ್ಟೋಬರಿಗೆ ಇಪ್ಪತ್ತೊಂದು.
ಅಪ್ಪಯ್ಯನ ವೀಸಾದ ಕೆಳಗಿಂದ ನನ್ನ ಹೆಸರು ತೆಗೆಯುತ್ತಾರೆ.
ಆಮೇಲೆ ಬಂದರೆ ಭೇಟಿ;
ಫಾರಮ್ಮಿನಲ್ಲಿ ಕೇಳುತ್ತಾರಂತೆ, ಬಂದ ಉದ್ದೇಶ.
ಏನು ಬರೆಯಲಿ? ಹಲ್ಲು ಹುಡುಕಲು?

ಇದು ಅವನಿಗೂ ಗೊತ್ತು, ನನಗೂ.
ಪಿಕಪ್ಪು ಎರಡು ಸಲ ಕೆಮ್ಮಿ ಹೊರಟಿತು.
ತುಂಬ ದೂರ ಬಂದ ಮೇಲೆ ಕೇಳಿದ:
"ಬಪ್ಪು ಶುಕ್ರವಾರ ಫೈನಲ್.
ಕಾಂಬುಕ್ ಇರ್ತೆ ಅಲ್ದಾ?"
ವಿಮಾನ ಶನಿವಾರ.
"ಇರ್ತೆ" ಎಂದೆ.