ಮೂಲದಲ್ಲಿಲ್ಲದ ಮಧ್ಯಾಹ್ನ

ಆ ಸೋಮವಾರದ ಕಂತಿನಲ್ಲಿ ಇಸಾನಾ ಸತ್ತಳು.
ಸೆಯಿಬು ರೈಲಿನಲ್ಲಿ ಎದುರು ಕೂತ ಹುಡುಗ
ವಾರಪತ್ರಿಕೆ ಮಡಚಿ ಮೊಣಕಾಲ ಮೇಲಿಟ್ಟು
ಎರಡು ನಿಲ್ದಾಣ ಕಿಟಕಿಯನ್ನೇ ನೋಡಿದ.
ಹೇಳಬೇಕೆನಿಸಿತು, ಹೇಳುವಂತಿರಲಿಲ್ಲ:
ನಮ್ಮ ಮೇಜಿನ ಮೇಲೆ ಅವಳಿನ್ನೂ
ಕಲ್ಲಂಗಡಿ ತಿನ್ನುತ್ತಿದ್ದಾಳೆ.

ಹಿಗಾಶಿ-ಕುರುಮೆ, ತೋಫು ಅಂಗಡಿಯ ಮೇಲಿನ ಮಹಡಿ.
ಹನ್ನೊಂದು ಮೇಜು. ಫ್ಯಾನು ಇದೆ, ಹಾಕುವಂತಿಲ್ಲ,
ಹಾಳೆ ಹಾರುತ್ತವೆ.
ಬೆರಳ ತುದಿ ಕತ್ತರಿಸಿದ ಬಿಳಿಯ ಗ್ಲೌಸು.
ಅವಳ ಕಾಮಿಕ್ಸ್ ಎರಡು ಸಲ ಸಿನಿಮಾ ಆಗಿತ್ತು,
ಈಗ ವೀಡಿಯೋಗೆಂದೇ ಒಂದು ಉಪಕತೆ:
ಅರ್ಧ ಗಂಟೆ. ಯುದ್ಧವಿಲ್ಲ. ದೆವ್ವದ ಹಡಗಿಲ್ಲ.
ಕಡಲ ದಡದ ಹಳ್ಳಿಯಲ್ಲಿ ಒಂದು ದಿನ ರಜೆ.
ಮೂಲ ಬರೆದವರು ಬೇಡ ಅನ್ನಲಿಲ್ಲ,
ಬೇಕು ಅಂತಲೂ ಅನ್ನಲಿಲ್ಲವಂತೆ.

ಸುದ್ದಿ ಹಬ್ಬಿದ ಮೇಲೆ ಯಾರೋ ಕೇಳಿದರು,
ಕಣ್ಣಿನ ಮಿಂಚು ಒಂದಿಷ್ಟು ತಗ್ಗಿಸೋಣವೇ?
ನಿರ್ದೇಶಕರು ನೂಡಲ್ಸಿನಿಂದ ತಲೆಯೆತ್ತಲಿಲ್ಲ:
“ಅವಳಿಗೆ ಗೊತ್ತಿಲ್ಲವಲ್ಲ.”

ಗೆರೆ ಮುಂದಿನಿಂದ, ಬಣ್ಣ ಹಿಂದಿನಿಂದ.
ಹಾಳೆ ಮಗುಚಿ ಮೊದಲು ಆ ಮಿಂಚು,
ಆಮೇಲೆ ಕಪ್ಪು, ಕೊನೆಗೆ ಚರ್ಮ.
ಬಳಿಯುವವರಿಗೆ ಕಾಣುವುದು ಎಡಚಿ ಇಸಾನಾ,
ಬಲಗೆನ್ನೆಯ ಮಚ್ಚೆ ಎಡಕ್ಕೆ ಬಂದವಳು.
ಹೆತ್ತವಳೂ ಹೀಗೆ ನೋಡಿರಲಾರಳು ಅಂತ
ಪಕ್ಕದ ಮೇಜಿನ ಕುನಿಯೆ ನಗುತ್ತಿದ್ದಳು.
ಹೆತ್ತವಳು ಎರಡನೆಯ ಸಂಪುಟದಲ್ಲೇ ಹೋಗಿದ್ದಳು.

ಒಂದು ತಕರಾರು ಉಳಿದಿತ್ತು: ಕೊರಳ ವಸ್ತ್ರ.
ಸಿನಿಮಾಗಳಲ್ಲಿ ಅದು ಇರಲೇ ಇಲ್ಲ,
ಕಾಮಿಕ್ಸಿನಲ್ಲಿ ಬರೀ ಚುಕ್ಕಿ, ಬೂದು ಚುಕ್ಕಿ.
ಫೋನು ಹಚ್ಚಿದರು. ಆ ತುದಿಯಲ್ಲಿ ಬಹಳ ಹೊತ್ತು ಉಸಿರು,
ಆಮೇಲೆ, “ನಾನು ಯೋಚಿಸಿಯೇ ಇಲ್ಲ.
ಅವಳಿಗೆ ಇಷ್ಟವಾದದ್ದು ಹಾಕಿ.”

ಅವಳಿಗೆ ಇಷ್ಟವಾದದ್ದು!
ಇನ್ನೂರ ಮೂವತ್ತು ಬಾಟಲಿಗಳ ಮುಂದೆ ನಿಂತೆ.
ರಾತ್ರಿ ಎರಡಕ್ಕೆ ಕೊರಿಯರ್ ಬೈಕು ಬಂದು ಹೋಯಿತು,
ನಾಲ್ಕಕ್ಕೆ ಕೆಳಗೆ ಸೋಯಾ ಬೇಯುವ ವಾಸನೆ.
ರದ್ದಾದ ಸಾಸಿವೆ ಜಾಹೀರಾತಿನದು
ಮೂರು ಬಾಟಲಿ ಹಳದಿ ಹಾಗೇ ಕೂತಿತ್ತು,
ಇನ್ನೊಂದು ತಿಂಗಳಿಗೆ ಗಟ್ಟಿಯಾಗುವಂಥದ್ದು.
ಕದಡಿದೆ.

ಆಮೇಲಿನ ಸಿನಿಮಾದಲ್ಲೂ ಹಳದಿ,
ಮರುಮುದ್ರಣದ ಮುಖಪುಟದಲ್ಲೂ ಅದೇ ಹಳದಿ.
ಅದು ಮುಳುಗಿದ ತಮ್ಮನ ಲಾಟೀನಿನ ಬಣ್ಣವೆಂದು
ಒಬ್ಬ ವಿಮರ್ಶಕರು ಎಂಟು ಪುಟ ಬರೆದರು.
ಇರಬಹುದು. ನನಗೇನು ಗೊತ್ತು.

ಕ್ಯಾಸೆಟ್ಟಿಗೆ ಒಂಬತ್ತು ಸಾವಿರದ ಎಂಟುನೂರು ಯೆನ್.
ಕೈಗೆಟುಕದೆ ಬಾಡಿಗೆಗೆ ತಂದೆ,
ಅಪ್ಪನ ಜೊತೆ ಕೂತು ನೋಡಿದೆ.
ಕೊನೆಯಲ್ಲಿ ಓಡುವ ಹೆಸರುಗಳಲ್ಲಿ
ಹಾನಾವಾ ಸುಮಿಯೆ, ಅರ್ಧ ಸೆಕೆಂಡು,
ತಿಳಿನೀರಿನ ‘ಸುಮಿ’ ಹೋಗಿ ಮಸಿಯ ‘ಸುಮಿ’ ಆಗಿತ್ತು.
ಅಪ್ಪನಿಗೆ ನಗು ತಡೆಯಲಾಗಲಿಲ್ಲ:
ದಿನವಿಡೀ ಬಣ್ಣ ಬಳಿದವಳಿಗೇ
ಮಸಿ ಬಳಿದುಬಿಟ್ಟರಲ್ಲೇ.
ತಿರುಗಿಸಿ ಇನ್ನೊಮ್ಮೆ ಹಾಕು ಅಂದ.
ಹಾಕಿದೆ.

ಮೂವತ್ತೈದು ವರ್ಷ.
ಕದ್ದು ತಂದ ಒಂದೇ ಒಂದು ಹಾಳೆ,
ಬಿಸ್ಕತ್ತಿನ ಡಬ್ಬ ತೆರೆದರೆ ವಿನೆಗರ್ ವಾಸನೆ.
ಗೆರೆಗಳೇ ಮೊದಲು ಹೋಗುತ್ತವೆ ಅನ್ನುತ್ತಿದ್ದರು, ಹೋಗಿವೆ.
ಮೂಗಿಲ್ಲ. ಬೆರಳುಗಳೆಲ್ಲ ಸೇರಿ
ಚರ್ಮದ ಬಣ್ಣದ ಒಂದೇ ಮುದ್ದೆ.
ಕಲ್ಲಂಗಡಿಯ ಕೆಂಪು ಇದೆ.
ಹಳದಿ ಇದೆ.
ಬೀಜಗಳು ಗೆರೆಯಲ್ಲ, ನಾನೇ ಇಟ್ಟ ಕಪ್ಪು.
ಎಣಿಸಿದೆ, ಏಳು.
ಎಂಟನೆಯದನ್ನು ಅವಳು ಉಗಿಯುವುದರಲ್ಲಿದ್ದಳು,
ಆ ಹಾಳೆ ಕುನಿಯೆಯ ಮೇಜಿಗೆ ಹೋಗಿತ್ತು.